ವಿಯೆಟ್ನಾಂ ಟ್ರಿಪ್‌ಗೆ ದುಡ್ಡು ಹೇಗೆ ಒಯ್ಯೋದು? ಡಾಲರ್ರಾ, ಫಾರೆಕ್ಸ್ ಕಾರ್ಡಾ, ಕ್ರೆಡಿಟ್ ಕಾರ್ಡಾ?

ನಂಜನಗೂಡು_ರಸಬಾಳೆ:

ಎಲ್ರಿಗೂ ನಮಸ್ಕಾರ. ಬರೋ ತಿಂಗಳು ಮನೆಮಂದಿ ಎಲ್ಲಾ ವಿಯೆಟ್ನಾಂಗೆ ಹೊರಟಿದೀವಿ, ನಾನು, ನಮ್ಮನೆಯವರು, ಮಗಳು, ಜೊತೆಗೆ ಅತ್ತೆ ಮಾವ. ಹನೋಯ್‌ಗೆ ಇಳಿದು ಹಾ ಲಾಂಗ್ ಬೇ ನೋಡ್ಕೊಂಡು ಡಾ ನಾಂಗ್, ಹೋಯ್ ಆನ್, ಆಮೇಲೆ ಹೋ ಚಿ ಮಿನ್ ಸಿಟಿಯಿಂದ ವಾಪಸ್ಸು. ಫ್ಲೈಟು, ಹೋಟೆಲ್ಲು, ಬೆಳಗಿನ ತಿಂಡಿ ಇಷ್ಟು ಟ್ರಾವೆಲ್ ಏಜೆಂಟ್ ಹತ್ರ ಪ್ಯಾಕೇಜ್ ಆಗಿದೆ, ಮಿಕ್ಕಿದ್ದು ಊಟ, ಟ್ಯಾಕ್ಸಿ, ಎಂಟ್ರಿ ಟಿಕೆಟ್, ಶಾಪಿಂಗ್ ಎಲ್ಲಾ ನಮ್ದೇ. ಅದಕ್ಕೆ ಅಂತ ಒಂದೂವರೆ ಲಕ್ಷ ತೆಗೆದಿಟ್ಟಿದೀವಿ, ಆ ಒಂದೂವರೆ ಲಕ್ಷನ ಯಾವ ರೂಪದಲ್ಲಿ ಒಯ್ಯೋದು ಅನ್ನೋದೇ ಈಗ ತಲೆಬಿಸಿ, ಮನೇಲಿ ಒಬ್ಬೊಬ್ರದ್ದು ಒಂದೊಂದು ರಾಗ.

ಮಾವ ರಿಟೈರ್ಡ್ ಮೇಷ್ಟ್ರು, ಕಾರ್ಡು ಗೀರ್ಡು ನಂಬೋರಲ್ಲ, ಅಷ್ಟೂ ಡಾಲರ್ ಮಾಡ್ಸಿ ಸೊಂಟಕ್ಕೆ ಕಟ್ಕೊಂಡು ಬರ್ತೀನಿ ಅಂತಾರೆ. ನಮ್ಮನೆಯವರು ಕ್ರೆಡಿಟ್ ಕಾರ್ಡ್ ಇದೆಯಲ್ಲ, ಎಲ್ಲಾ ಕಡೆ ಉಜ್ಜಿದ್ರಾಯ್ತು ಅಂತ. ಏಜೆಂಟ್ ದಿನಾ ಫೋನ್ ಮಾಡಿ ನಮ್ಮ ಹತ್ರಾನೇ ಫಾರೆಕ್ಸ್ ಕಾರ್ಡ್ ತಗೊಳ್ಳಿ ಮೇಡಂ, ರೇಟ್ ಲಾಕ್ ಆಗುತ್ತೆ, ಸೇಫು, ಎಲ್ಲರೂ ಅದನ್ನೇ ತಗೊಳ್ತಾರೆ ಅಂತ ಪ್ರಾಣ ತಿಂತಿದಾನೆ. ನನಗೆ ನೋಡಿದ್ರೆ ಎಳನೀರಿಗೂ ಫೋನ್‌ಪೇ ಮಾಡಿ ಅಭ್ಯಾಸ, ಅಲ್ಲಿ ಅದು ನಡೆಯುತ್ತಾ ಇಲ್ವಾ ಅದೂ ಗೊತ್ತಿಲ್ಲ. ಅಲ್ಲಿನ ನೋಟಲ್ಲಿ ಲಕ್ಷಗಟ್ಟಲೆ ಸೊನ್ನೆ ಇರುತ್ತಂತೆ, ಅತ್ತೆ ಅದನ್ನ ಕೇಳಿನೇ ಗಾಬರಿ ಆಗಿದಾರೆ. ಹೋಗಿ ಬಂದೋರು ಸ್ವಲ್ಪ ಬಿಡಿಸಿ ಹೇಳಿ ಪ್ಲೀಸ್.


ಲೆಡ್ಜರ್_ರಾಯ:

ಮೇಡಂ, ನಾನು ಬ್ಯಾಂಕಲ್ಲಿ ಫಾರಿನ್ ಎಕ್ಸ್‌ಚೇಂಜ್ ಸೆಕ್ಷನ್ನಲ್ಲೇ ಸುಮಾರು ವರ್ಷ ಕೂತಿದ್ದೋನು, ಈಗ ರಿಟೈರ್ಡು, ನಿಮ್ಮ ಮಾವನ ಪಾರ್ಟಿ ಅಂತಾನೇ ಇಟ್ಕೊಳ್ಳಿ. ಆದ್ರೂ ಅಷ್ಟೂ ಕ್ಯಾಶ್ ಬೇಡ ಅಂತೀನಿ.

ಮೊದಲು ಏಜೆಂಟ್ ಹೇಳ್ತಿರೋ ಫಾರೆಕ್ಸ್ ಕಾರ್ಡ್ ವಿಷಯ, ಅಂದ್ರೆ ವಿದೇಶಿ ದುಡ್ಡು ಮೊದ್ಲೇ ತುಂಬಿಸಿಟ್ಕೊಳ್ಳೋ ಕಾರ್ಡು. ಅದು ಕೆಟ್ಟ ವಸ್ತು ಏನಲ್ಲ, ಅಮೆರಿಕಕ್ಕೋ ಯೂರೋಪಿಗೋ ಸಿಂಗಾಪುರಕ್ಕೋ ಹೋಗೋರಿಗೆ ಸರಿ, ಯಾಕಂದ್ರೆ ಡಾಲರ್, ಯೂರೋ, ಸಿಂಗಾಪುರ್ ಡಾಲರ್ ಇವೆಲ್ಲ ಕಾರ್ಡ್ ಮೇಲೆ ತುಂಬಿಸ್ಬಹುದು. ವಿಯೆಟ್ನಾಂ ದುಡ್ಡು ಡಾಂಗ್, ಅದನ್ನ ತುಂಬಿಸೋ ಕಾರ್ಡ್ ನಮ್ಮಲ್ಲಿ ಸಿಗಲ್ಲ. ಅವನು ಡಾಲರ್ ತುಂಬಿಸಿ ಕೊಡ್ತಾನೆ. ನೀವು ಹನೋಯ್‌ನಲ್ಲಿ ಊಟ ಮಾಡಿ ಸ್ವೈಪ್ ಮಾಡಿದಾಗ ಬಿಲ್ ಡಾಂಗಲ್ಲಿ, ಕಾರ್ಡ್‌ನಲ್ಲಿರೋದು ಡಾಲರ್, ಆಗ ಕ್ರಾಸ್ ಕರೆನ್ಸಿ ಚಾರ್ಜ್ ಅಂತ ಶೇಕಡಾ 2ರಿಂದ 3.5ರವರೆಗೆ ಕಾರ್ಡ್ ಪ್ರಕಾರ ಕಟ್ ಆಗುತ್ತೆ. ರೂಪಾಯಿಯಿಂದ ಡಾಲರ್ ಮಾಡುವಾಗ್ಲೇ ಏಜೆಂಟ್ ತನ್ನ ಮಾರ್ಜಿನ್ ಇಟ್ಕೊಂಡಿರ್ತಾನೆ, ಅದರ ಮೇಲೆ ಇದು. ಅವನು ಹೇಳೋ ರೇಟ್ ಲಾಕು ಲಾಕ್ ಆಗೋದು ಡಾಲರ್‌ಗೆ, ನೀವು ಖರ್ಚು ಮಾಡೋ ಡಾಂಗ್‌ಗಲ್ಲ. ಹಾಲನ್ನ ಪಾತ್ರೆಯಿಂದ ಪಾತ್ರೆಗೆ ಬಗ್ಗಿಸಿದ ಹಾಗೆ, ಪ್ರತಿ ಸಲ ಒಂದಿಷ್ಟು ತಳದಲ್ಲಿ ಉಳ್ಕೊಳ್ಳುತ್ತೆ.

ಇನ್ನು ಯಜಮಾನ್ರ ಕ್ರೆಡಿಟ್ ಕಾರ್ಡು. ಮಾಮೂಲಿ ಕಾರ್ಡಾದ್ರೆ ಮಾರ್ಕಪ್, ಅಂದ್ರೆ ವಿದೇಶದ ಖರ್ಚಿನ ಮೇಲೆ ಬ್ಯಾಂಕು ಸೇರಿಸೋ ಚಾರ್ಜು, ಶೇಕಡಾ 3.5, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 4.13 ಆಯ್ತು. ಅರವತ್ತು ಸಾವಿರ ಖರ್ಚು ಮಾಡಿದ್ರೆ 2,478 ರೂಪಾಯಿ ಸುಮ್ನೆ ಹೋಯ್ತು, ಬಿಲ್ ಬಂದಾಗ ಫಾರಿನ್ ಕರೆನ್ಸಿ ಫೀ ಅಂತ ಪುಟ್ಟದಾಗಿ ಬೇರೆ ಬೇರೆ ಸಾಲಲ್ಲಿ ಇರುತ್ತೆ, ಯಾರೂ ಕೂಡಿಸಿ ನೋಡಲ್ಲ. ಈಗ ಮಾರ್ಕಪ್ ಇಲ್ಲದ ಕಾರ್ಡುಗಳು ಬಂದಿವೆ, ನಿಯೋ, ಸ್ಕೇಪಿಯಾ ತರದವು, ಕೆಲವು ಬ್ಯಾಂಕುಗಳದ್ದೇ ಇವೆ. ಇನ್ನೂ ಒಂದು ತಿಂಗಳು ಟೈಮ್ ಇದೆಯಲ್ಲ, ಇವತ್ತೇ ಅಪ್ಲೈ ಮಾಡಿ. ಕ್ರೆಡಿಟ್ ಕಾರ್ಡ್ ಹಾಕಿ ಎಟಿಎಂನಲ್ಲಿ ದುಡ್ಡು ಮಾತ್ರ ತೆಗೀಬೇಡಿ, ಕ್ಯಾಶ್ ಅಡ್ವಾನ್ಸ್ ಫೀ ಬೇರೆ, ಆವತ್ತಿಂದ್ಲೇ ಬಡ್ಡಿ ಬೇರೆ. ಎಟಿಎಂಗೆ ಡೆಬಿಟ್ ಕಾರ್ಡು.

ನನ್ನ ಲೆಕ್ಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಡಾಲರ್ ನೋಟು, ಉಳಿದಿದ್ದು ಮಾರ್ಕಪ್ ಇಲ್ಲದ ಕಾರ್ಡ್. ಡಾಲರ್ ತಗೊಳೋಕೆ ಪಾಸ್‌ಪೋರ್ಟು, ಪ್ಯಾನ್, ವೀಸಾ, ಟಿಕೆಟ್ ಕಾಪಿ ಬೇಕು, ಐವತ್ತು ಸಾವಿರದ ಮೇಲೆ ಆದ್ರೆ ಕ್ಯಾಶ್ ಕೊಡೋ ಹಾಗಿಲ್ಲ, ಅಕೌಂಟಿಂದಲೇ ಕಟ್ಟಬೇಕು. ಒಬ್ಬೊಬ್ರಿಗೆ ಒಂದು ಟ್ರಿಪ್‌ಗೆ 3,000 ಡಾಲರ್‌ವರೆಗೆ ನೋಟು ಒಯ್ಯಬಹುದು, ನಿಮಗೆ ಅಷ್ಟೆಲ್ಲ ಬೇಕಾಗಲ್ಲ ಬಿಡಿ. ಡಾಲರ್ ತಗೊಳೋಕೆ ಇಲ್ಲಿನ ಏರ್‌ಪೋರ್ಟ್ ಕೌಂಟರ್ ಕಡೆ ತಲೆನೂ ಹಾಕ್ಬೇಡಿ. ಊರಲ್ಲೇ ಆರ್‌ಬಿಐ ಲೈಸೆನ್ಸ್ ಇರೋ ಎರಡು ಮೂರು ಮನಿ ಚೇಂಜರ್‌ಗಳಿಗೆ ಫೋನ್ ಹಾಕಿ, "ಕೈಗೆ ಇಷ್ಟು ಡಾಲರ್ ಬೇಕು, ಎಲ್ಲಾ ಸೇರಿ ನಾನು ಎಷ್ಟು ಕಟ್ಟಬೇಕು" ಅಂತ ಒಂದೇ ಪ್ರಶ್ನೆ ಕೇಳಿ. ಕೆಲವರು ಜಿಎಸ್‌ಟಿ ಜಾಸ್ತಿ ಸಾರ್, ಅದಕ್ಕೇ ರೇಟು ಹಂಗೆ ಅಂತ ಕಥೆ ಹೇಳ್ತಾರೆ. ಒಂದು ಲಕ್ಷದವರೆಗೆ ಕರೆನ್ಸಿ ತಗೊಂಡ್ರೆ ಅದರ ಒಂದು ಪರ್ಸೆಂಟ್ ಮೇಲೆ 18 ಪರ್ಸೆಂಟ್ ಅಷ್ಟೇ ಜಿಎಸ್‌ಟಿ, ಐವತ್ತು ಸಾವಿರಕ್ಕೆ 90 ರೂಪಾಯಿ. ಅವರ ಲಾಭ ಎಲ್ಲಾ ರೇಟಲ್ಲೇ ಇರೋದು.


ಗಿರ್ಮಿಟ್_ಪ್ರಿಯ:

ಅಕ್ಕಾರ, ರಾಯರು ಹೇಳಿದ್ದು ಎಲ್ಲಾ ಖರೆ ಐತಿ, ನಾ ಬರೇ ನೋಟಿನ ವಿಷಯ ಹೇಳ್ತೀನಿ, ಯಾಕಂದ್ರ ಅಲ್ಲಿ ರೊಕ್ಕ ಹೋಗೂದು ರೇಟಿನಾಗ ಅಲ್ಲ, ನೋಟಿನಾಗ.

ಹೋದ ವರ್ಷ ಹುಬ್ಬಳ್ಳಿಯಿಂದ ನಾವ್ ಗೆಳೆಯಾರು ಕೂಡಿ ಹೋಗಿದ್ವಿ ರೀ. ಅಲ್ಲಿ ಎಲ್ಲಾ ನೋಟಿನ ಮ್ಯಾಲೂ ಹೋ ಚಿ ಮಿನ್ ಅಜ್ಜಾರದ ಒಂದ ಮಾರಿ, ನಮ್ಮ ಗಾಂಧಿ ಅಜ್ಜ ಇದ್ದಂಗ. 10,000ರಿಂದ ಮ್ಯಾಲಿನೂ ಎಲ್ಲಾ ಪ್ಲಾಸ್ಟಿಕ್ ನೋಟು, ಹೊಸಾವು ಇದ್ರ ಒಂದಕ್ಕೊಂದು ಅಂಟ್ಕೊಂಡ ಇರ್ತಾವ, ಎರಡು ಹೋಗಿದ್ದು ಗೊತ್ತ ಆಗಂಗಿಲ್ಲ, ಕೊಡೂ ಮುಂದ ಬೆರಳಿಲೆ ತಿಕ್ಕಿ ನೋಡ್ರಿ. ಮತ್ತ ದೊಡ್ಡ ತಕರಾರು ಅಂದ್ರ ನೀಲಿ ನೋಟು. 20,000ದ್ದೂ ನೀಲಿ, 5,00,000ದ್ದೂ ನೀಲಿ. ಒಂದು ನಮ್ಮ ಅರವತ್ತೆಂಟು ರೂಪಾಯಿ, ಇನ್ನೊಂದು ಸಾವಿರದ ಏಳನೂರು ರೂಪಾಯಿ ಹತ್ರ. ಹಗಲೊತ್ತು ನೋಡಿದ್ರ ಒಂದಿಷ್ಟು ಫರಕ್ ಕಾಣತೈತಿ. ಹೋಯ್ ಆನ್‌ನಾಗ ರಾತ್ರಿ ಆದ ಮ್ಯಾಲ ಓಣಿ ತುಂಬಾ ಬಣ್ಣ ಬಣ್ಣದ ಲಾಟೀನು ಹಚ್ಚಿರ್ತಾರ, ಆ ಹಳದಿ ಕೆಂಪು ಬೆಳಕಿನಾಗ ಎರಡೂ ಒಂದ ಕಾಣತಾವ. ನಮ್ಮ ಗೆಳೆಯಾ ಒಬ್ಬಾಂವ ನದಿ ದಂಡಿ ಮ್ಯಾಲ ದೀಪ ಮಾರೂ ಅಜ್ಜಿಗೆ ನೀಲಿ ನೋಟು ಕೊಟ್ಟ, ಆಕಿ ಅದನ್ನ ದೀಪದ ಹತ್ರ ಹಿಡದು ನೋಡಿದ್ಲು, ಇವನ ಮಾರಿ ನೋಡಿದ್ಲು, ನಕ್ಕೋಂತ ವಾಪಸ್ ಇವನ ಕೈಯಾಗ ಇಟ್ಟು ಪಾಕೀಟಿನಾಗಿನ ಇನ್ನೊಂದು ನೀಲಿ ನೋಟು ಬಟ್ಟ ಮಾಡಿ ತೋರ್ಸಿದ್ಲು. ಎಲ್ಲಾರೂ ಆ ಅಜ್ಜಿಯಂಗ ಇರಂಗಿಲ್ಲ ನೋಡ್ರಿ, ಟ್ಯಾಕ್ಸಿದಾಂವ ತಗೊಂಡು ಸುಮ್ಮನ ಹೊಂಟ ಬಿಡ್ತಾನ.

ಗುರ್ತು ಹಿಡಿಯೂದು ಹೆಂಗ ಅಂದ್ರ ನೋಟು ತಿರಿವಿ ಹಿಂದ ನೋಡ್ರಿ. 20,000ದ ಹಿಂದ ಹೋಯ್ ಆನ್‌ದ ಜಪಾನಿ ಸೇತುವೆ, ನೀವು ಹೆಂಗೂ ಅಲ್ಲಿ ಹೋಗಿ ಅದನ್ನ ನೋಡಾವ್ರ ಅದೀರಿ. 5,00,000ದ ಹಿಂದ ಹೋ ಚಿ ಮಿನ್ ಹುಟ್ಟಿ ಬೆಳೆದ ಊರಿನ ಹುಲ್ಲಿನ ಮನಿ. ಸೇತುವೆ ಸಣ್ಣದು, ಮನಿ ದೊಡ್ಡದು, ಅತ್ತಿಯವರಿಗೆ ಇಷ್ಟ ಹೇಳಿಕೊಡ್ರಿ ಸಾಕು. ನಾವಂತೂ ಮನಿ ನೋಟೆಲ್ಲಾ ಬ್ಯಾರೆ ಪಾಕೀಟಿನಾಗ ಹಾಕಿ ಬಿಟ್ಟಿದ್ವಿ, ಓಣ್ಯಾಗ ಅಡ್ಡಾಡೂ ಮುಂದ ಹೊರಗ ತೆಗೀಲೇ ಇಲ್ಲ.

ಲೆಕ್ಕಕ್ಕ ಒಂದು ಸರಳ ಹಾದಿ ಐತಿ, ಮೂರು ಸೊನ್ನಿ ಹಾರ್ಸ್ರಿ, ಉಳದಿದ್ದಕ್ಕ ಮೂರೂವರಿಲೆ ಗುಣಸ್ರಿ, ರೂಪಾಯಿ ಬಂತು. 1,00,000 ಅಂದ್ರ ನೂರು, ಮುನ್ನೂರ ಐವತ್ತು ರೂಪಾಯಿ. ನಾವ್ ಹೋದಾಗ ಖರೇ ರೇಟಿಗಿಂತ ಒಂಚೂರು ಜಾಸ್ತಿನ ತೋರಸತಿತ್ತು, ಚಲೋನ ಆತು, ಕೈ ಬಿಗಿ ಇತ್ತು. ಅಂಗಡಿ ಮುಂದ ಬೋರ್ಡಿನ ಮ್ಯಾಲ ಬರೇ 50 ಅಂತನೋ 50ಕೆ ಅಂತನೋ ಬರದಿರ್ತಾರ, ಅದು ಐವತ್ತು ಸಾವಿರ, ಐವತ್ತಲ್ಲ ಮತ್ತ.


ಸುಮ್ನೆ_ಸುತ್ತಾಡಿ:

ಅಯ್ಯೋ ಇಷ್ಟೊಂದು ಯಾಕೆ ತಲೆ ಕೆಡಿಸ್ಕೋತೀರ ಮಾರಾಯ್ರೆ. ಒಂದು ಜೀರೋ ಫಾರೆಕ್ಸ್, ಅಂದ್ರೆ ಮಾರ್ಕಪ್ ಇಲ್ಲದ ಡೆಬಿಟ್ ಕಾರ್ಡ್ ತಗೊಳ್ಳಿ, ಏರ್‌ಪೋರ್ಟಲ್ಲಿ ಇಳಿದ ತಕ್ಷಣ ಎಟಿಎಂನಲ್ಲಿ ಡಾಂಗ್ ತೆಗೀರಿ, ಮುಗೀತು. ಡಾಲರ್ ಅನ್ನೋದೆಲ್ಲಾ ನಮ್ಮಪ್ಪನ ಕಾಲದ್ದು. ಅದೂ ಅಲ್ದೆ ರಾಯರೇ, ಡಾಲರ್ ನೋಟು ಒಯ್ದ್ರೂ ರೂಪಾಯಿಯಿಂದ ಡಾಲರ್, ಡಾಲರ್‌ನಿಂದ ಡಾಂಗ್, ಎರಡು ಸಲಾನೇ ತಾನೆ ಬದಲಾಗೋದು? ಫಾರೆಕ್ಸ್ ಕಾರ್ಡ್‌ಗೆ ಬೈದು ನೋಟಿಗೆ ಯಾಕೆ ರಿಯಾಯಿತಿ?


ಲೆಡ್ಜರ್_ರಾಯ:

ಒಳ್ಳೆ ಪಾಯಿಂಟ್ ಎತ್ತಿದ್ರಿ. ಹೌದು, ನೋಟಾದ್ರೂ ಎರಡು ಸಲಾನೇ. ಆದ್ರೆ ನೋಟಲ್ಲಿ ಎರಡೂ ರೇಟು ನಿಮ್ಮ ಕಣ್ಣೆದುರೇ ಇರುತ್ತೆ, ಇಲ್ಲಿ ನಾಲ್ಕು ಕಡೆ ವಿಚಾರಿಸ್ತೀರಿ, ಅಲ್ಲಿ ಡಾಲರ್‌ಗೆ ಬೇಡಿಕೆ ಇರೋದ್ರಿಂದ ತಗೊಳ್ಳೋ ರೇಟಿಗೂ ಮಾರೋ ರೇಟಿಗೂ ಅಂತರ ತೀರಾ ಕಮ್ಮಿ. ಕಾರ್ಡ್‌ನಲ್ಲಿ ಅದು ಮೊದ್ಲೇ ಫಿಕ್ಸ್ ಆಗಿರೋ ಪರ್ಸೆಂಟೇಜು, ಚೌಕಾಸಿ ಮಾಡೋಕೆ ಎದುರಿಗೆ ಮನುಷ್ಯನೇ ಇಲ್ಲ. ನಿಮ್ಮ ಜೀರೋ ಫಾರೆಕ್ಸ್ ಡೆಬಿಟ್ ಕಾರ್ಡು ಇದೆರಡಕ್ಕಿಂತ ಅಗ್ಗ, ಒಪ್ಪಿದೆ, ನಾನೂ ಅದನ್ನೇ ಮುಖ್ಯವಾಗಿ ಇಟ್ಕೊಳ್ಳಿ ಅಂತಿರೋದು.

ಒಬ್ಬಂಟಿ ಹುಡುಗರು ಒಂದು ಕಾರ್ಡ್ ಮೇಲೆ ದೇಶ ಸುತ್ತಬಹುದು ಸ್ವಾಮಿ. ಇವರ ಜೊತೆ ವಯಸ್ಸಾದೋರು, ಮಗು ಇದೆ. ಒಂದೇ ಕಾರ್ಡ್, ಅದೇನಾದ್ರೂ ಎಟಿಎಂ ಒಳಗೆ ಸಿಕ್ಕಾಕ್ಕೊಂಡ್ರೆ, ಇಲ್ಲಾ ಬ್ಯಾಂಕಿನ ಕಂಪ್ಯೂಟರ್‌ಗೆ ಅನುಮಾನ ಬಂದು ಬ್ಲಾಕ್ ಆದ್ರೆ ರಾತ್ರಿ ಹತ್ತು ಗಂಟೆಗೆ ಅತ್ತೆ ಮಾವನ್ನ ಬೀದೀಲಿ ನಿಲ್ಲಿಸ್ಕೊಂಡು ಕಸ್ಟಮರ್ ಕೇರ್‌ನ ಮ್ಯೂಸಿಕ್ ಕೇಳ್ತಾ ನಿಲ್ಬೇಕಾ? ಡಾಲರ್ ನೋಟು ಅದಕ್ಕೆ. ಖರ್ಚಾಗದೆ ಉಳಿದ್ರೆ ವಾಪಸ್ ತಂದು ಮಾರಬಹುದು, 2,000 ಡಾಲರ್‌ವರೆಗೆ ಮನೇಲೇ ಇಟ್ಕೊಳ್ಳೋಕೂ ರೂಲ್ಸ್ ಇದೆ, ಅದಕ್ಕಿಂತ ಜಾಸ್ತಿ ಇದ್ರೆ 180 ದಿನದೊಳಗೆ ಬ್ಯಾಂಕಿಗೋ ಚೇಂಜರಿಗೋ ಕೊಡಬೇಕು.


ಸೈಗಾನ್_ಸೋಮಾರಿ:

ನಮಸ್ಕಾರ, ಕೆಲಸದ ಮೇಲೆ ಹೋ ಚಿ ಮಿನ್ ಸಿಟೀಲಿ ಇದೀನಿ, ಮೂಲ ಶಿವಮೊಗ್ಗ. ಊರಿಂದ ಬರೋರೆಲ್ಲಾ ಇದೇ ಪ್ರಶ್ನೆ ಕೇಳ್ತಾರೆ ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಮೊದಲು ಅಕ್ಕನ ಫೋನ್‌ಪೇ. ಇಲ್ಲಿ ಕಾಫಿ ಗಾಡಿಯಿಂದ ಹಿಡಿದು ಹಣ್ಣು ಮಾರೋ ಅಜ್ಜಿವರೆಗೂ ಎಲ್ಲಾ ಕಡೆ ಕ್ಯೂಆರ್ ಅಂಟಿಸಿರ್ತಾರೆ, ನೋಡಿದ ತಕ್ಷಣ ನಮ್ಮೂರೇ ಅನ್ಸುತ್ತೆ. ಆದ್ರೆ ಅದು ವಿಯೆಟ್‌ಕ್ಯೂಆರ್, ಇಲ್ಲಿನ ಬ್ಯಾಂಕ್ ಅಕೌಂಟ್ ಇರೋರಿಗೆ. ನಮ್ಮ ಯುಪಿಐ ಸಿಂಗಾಪುರ, ದುಬೈ, ನೇಪಾಳ, ಭೂತಾನ್‌ನಲ್ಲಿ, 2024ರಿಂದ ಶ್ರೀಲಂಕಾ ಮಾರಿಷಸ್‌ನಲ್ಲೂ ಕೆಲವು ಅಂಗಡಿಗಳಲ್ಲಿ ನಡೆಯುತ್ತೆ, ಅದನ್ನ ಕೇಳ್ಕೊಂಡು ಇಲ್ಲೂ ನಡೆಯುತ್ತೆ ಅಂತ ನಂಬ್ಕೊಂಡು ಬರಬೇಡಿ. ಬೀದಿ ಊಟ, ಮಾರ್ಕೆಟ್ಟು, ಸಣ್ಣ ಅಂಗಡಿ ಇಷ್ಟಕ್ಕೂ ಕ್ಯಾಶ್ ಬೇಕೇ ಬೇಕು. ದೊಡ್ಡ ಹೋಟೆಲ್ಲು, ಮಾಲ್, ಬಾ ನಾ ಹಿಲ್ಸ್ ತರದ ದೊಡ್ಡ ಪ್ರವಾಸಿ ಜಾಗಗಳ ಕಡೆ ಕಾರ್ಡ್ ನಡೆಯುತ್ತೆ. ಮಧ್ಯಮ ಸೈಜಿನ ರೆಸ್ಟೋರೆಂಟ್‌ಗಳಲ್ಲಿ ಕಾರ್ಡ್ ಅಂದ್ರೆ ಎರಡು ಮೂರು ಪರ್ಸೆಂಟ್ ಎಕ್ಸ್ಟ್ರಾ ಅಂತಾರೆ, ಸ್ವೈಪ್ ಮಾಡೋಕೆ ಮುಂಚೆ ಕೇಳಿ. ಹೋಯ್ ಆನ್ ಹಳೇ ಪೇಟೆ ಟಿಕೆಟ್ ವಿದೇಶಿಯರಿಗೆ 1,20,000 ಡಾಂಗ್, ಅಂತದ್ದಕ್ಕೆಲ್ಲಾ ಚಿಲ್ರೆ ನೋಟು ಇಟ್ಕೊಂಡಿರಿ, ಬೆಳಬೆಳಗ್ಗೆ 5 ಲಕ್ಷದ ನೋಟು ತೆಗೆದ್ರೆ ಗಾಡಿಯೋರು ಮುಖ ಮುಖ ನೋಡ್ತಾರೆ.

ಎಟಿಎಂ ಬಗ್ಗೆ. ಒಂದು ಸಲಕ್ಕೆ ಇಪ್ಪತ್ತು ಮೂವತ್ತು ಲಕ್ಷ ಡಾಂಗ್ ಕೊಡೋದು ಜಾಸ್ತಿ, ಅಂದ್ರೆ ಏಳರಿಂದ ಹತ್ತು ಸಾವಿರ ರೂಪಾಯಿ ಅಷ್ಟೇ, ಕೆಲವು ಬ್ಯಾಂಕಿನ ಮೆಷಿನ್ನು ಮಾತ್ರ ಅದಕ್ಕಿಂತ ಜಾಸ್ತಿ ಕೊಡುತ್ತೆ. ಪ್ರತಿ ಸಲ ನಲವತ್ತು ಐವತ್ತು ಸಾವಿರ ಡಾಂಗ್ ಇಲ್ಲಿನ ಬ್ಯಾಂಕಿನೋರ ಚಾರ್ಜು, ಕೆಲವರು ತಗೊಳಲ್ಲ, ಸ್ಕ್ರೀನ್ ಮೇಲೆ ಮೊದ್ಲೇ ತೋರಿಸುತ್ತೆ, ಜಾಸ್ತಿ ಅನ್ಸಿದ್ರೆ ಕ್ಯಾನ್ಸಲ್ ಒತ್ತಿ ಪಕ್ಕದ ಮೆಷಿನ್‌ಗೆ ಹೋಗಿ. ಮಾಮೂಲಿ ಡೆಬಿಟ್ ಕಾರ್ಡಾದ್ರೆ ನಿಮ್ಮ ಬ್ಯಾಂಕಿನೋರದ್ದೂ ಬೇರೆ ಬೀಳುತ್ತೆ, ಸುಮ್ನೆ ಬ್ಯಾಲೆನ್ಸ್ ನೋಡಿದ್ರೂ ದುಡ್ಡು ಕಟ್ ಮಾಡೋ ಬ್ಯಾಂಕುಗಳಿವೆ.

ಈಗ ಎಲ್ಲಕ್ಕಿಂತ ಮುಖ್ಯ. ಮೆಷಿನ್ ದುಡ್ಡು ಕೊಡೋಕೆ ಮುಂಚೆ ಒಂದು ಸ್ಕ್ರೀನ್ ಬರುತ್ತೆ, ನಿಮ್ಮ ರೂಪಾಯೀಲೇ ಲೆಕ್ಕ ಹಾಕಿ ಇಷ್ಟು ಸಾವಿರ ರೂಪಾಯಿ ಆಗುತ್ತೆ ಅಂತ ತೋರ್ಸಿ ಕನ್ವರ್ಷನ್ ಒಪ್ತೀರಾ ಬೇಡ್ವಾ ಅಂತ ಕೇಳುತ್ತೆ. ಒಪ್ಕೊಳ್ಳೋ ಬಟನ್ ದೊಡ್ಡದಾಗಿ ಹಸಿರಾಗಿ ಇರುತ್ತೆ, ಬೇಡ ಅನ್ನೋದು ಮೂಲೇಲಿ. ಬೇಡ ಒತ್ತಿದ್ರೆ ವ್ಯವಹಾರವೇ ಕ್ಯಾನ್ಸಲ್ ಆಗುತ್ತೇನೋ ಅಂತ ಹೆದರಿ ಎಲ್ಲರೂ ಹಸಿರು ಒತ್ತುತ್ತಾರೆ. ಏನೂ ಆಗಲ್ಲ, ಬೇಡ ಒತ್ತಿ, ದುಡ್ಡು ಬಂದೇ ಬರುತ್ತೆ, ಲೆಕ್ಕ ನಿಮ್ಮ ಕಾರ್ಡ್‌ನ ವೀಸಾ ಅಥವಾ ಮಾಸ್ಟರ್‌ಕಾರ್ಡ್ ರೇಟಲ್ಲಿ ಆಗುತ್ತೆ. ಒಪ್ಕೊಂಡ್ರೆ ಮಾತ್ರ ಅವರಿಗೆ ತೋಚಿದ ರೇಟು, ಆಗ ನಿಮ್ಮ ಜೀರೋ ಮಾರ್ಕಪ್ ಕಾರ್ಡ್ ತಗೊಂಡಿದ್ದೂ ದಂಡ. ಅಂಗಡೀಲಿ ಸ್ವೈಪ್ ಮೆಷಿನ್ನಲ್ಲೂ ಇದೇ ಆಟ, ಕ್ಯಾಷಿಯರ್ ಹುಡುಗಿ ನಿಮ್ಮನ್ನ ಕೇಳದೆ ತಾನೇ ರೂಪಾಯಿ ಆರಿಸ್ಬಿಡ್ತಾಳೆ. ಮೆಷಿನ್ ನಿಮ್ಮ ಕಡೆ ತಿರುಗಿಸ್ಕೊಂಡು ನೋಡಿ, ಚೀಟೀಲಿ ವಿಎನ್‌ಡಿ (ಡಾಂಗ್) ಅಂತ ಇರಬೇಕು, ಐಎನ್‌ಆರ್ (ರೂಪಾಯಿ) ಅಂತ ಬಂದಿದ್ರೆ ಸಹಿ ಹಾಕದೆ ಕ್ಯಾನ್ಸಲ್ ಮಾಡ್ಸಿ ಮತ್ತೆ ಹೊಡೆಸಿ. ರೂಪಾಯೀಲಿ ಹೊಡೆಸಿದ್ರೆ ನಮ್ಮ ಕಡೆ ಬ್ಯಾಂಕಿನ ಚಾರ್ಜ್ ತಪ್ಪುತ್ತೆ ಅಂತಾನೂ ಅನ್ಕೋಬೇಡಿ, ವಿದೇಶದ ಅಂಗಡೀಲಿ ರೂಪಾಯೀಲಿ ಮಾಡಿದ್ದಕ್ಕೂ ಫೀ ಹಾಕೋ ಬ್ಯಾಂಕುಗಳು ತುಂಬಾ ಇವೆ.

ಡಾಲರ್ ತರೋದಾದ್ರೆ 100ರ ನೋಟೇ ತನ್ನಿ, ಸಣ್ಣ ನೋಟಿಗೆ ರೇಟ್ ಕಮ್ಮಿ ಕೊಡ್ತಾರೆ. ಗರಿಗರಿ ಇರ್ಬೇಕು, ಮಡಚಿದ ಗುರುತು ಜೋರಾಗಿ ಇದ್ರೆ, ಪೆನ್ನಿನ ಗೀಟಿದ್ರೆ, ಚಿತ್ರದಲ್ಲಿ ತಲೆ ಸಣ್ಣದಾಗಿರೋ ಹಳೇ ಸೀರೀಸ್ ಆದ್ರೆ ವಾಪಸ್ ತಳ್ತಾರೆ. ನಿಮ್ಮ ಮಾವ ಸೊಂಟಕ್ಕೆ ಕಟ್ಕೊಂಡು ಬರೋದಾದ್ರೆ ಒಂದು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಕಟ್ಕೊಳ್ಳಲಿ, ಇಲ್ಲಿ ಸೆಕೆಗೆ ಬೆವರು ಕುಡಿದು ನೋಟು ಮೆತ್ತಗಾಗಿ ಹೋಗುತ್ತೆ. ಬ್ಯಾಂಕಲ್ಲಿ ಪಾಸ್‌ಪೋರ್ಟ್ ತೋರಿಸಿ ಬದಲಾಯಿಸ್ಕೋಬಹುದು. ಹನೋಯ್‌ನ ಹಾ ಚುಂಗ್ ಬೀದಿ ಚಿನ್ನದ ಅಂಗಡಿಗಳಲ್ಲಿ ರೇಟ್ ಚೆನ್ನಾಗಿ ಕೊಡ್ತಾರೆ ಅಂತ ಎಲ್ಲಾ ಯೂಟ್ಯೂಬರ್‌ಗಳೂ ಹೇಳ್ತಾರೆ, ಕೊಡೋದೂ ನಿಜ, ಆದ್ರೆ ಲೈಸೆನ್ಸ್ ಇರೋ ಅಂಗಡಿ ಯಾವುದು ಇಲ್ಲದ್ದು ಯಾವುದು ನೋಡ್ಕೊಳ್ಳಿ. 2018ರಲ್ಲಿ ಕಾನ್ ಥೋ ಊರಲ್ಲಿ ಒಬ್ಬ ಲೈಸೆನ್ಸ್ ಇಲ್ಲದ ಚಿನ್ನದಂಗಡೀಲಿ ಬರೀ 100 ಡಾಲರ್ ಬದಲಾಯಿಸಿದ್ದಕ್ಕೆ 9 ಕೋಟಿ ಡಾಂಗ್ ದಂಡ ಹಾಕಿದ್ರು, ದೇಶವೆಲ್ಲಾ ಸುದ್ದಿಯಾಗಿ ಆಮೇಲೆ ಮನ್ನಾ ಆಯ್ತು. ರೂಪಾಯಿ ನೋಟು ಇಲ್ಲಿ ಬದಲಾಯಿಸೋ ಐಡಿಯಾ ಇದ್ರೆ ಬಿಟ್ಬಿಡಿ, ಕೆಂಪೇಗೌಡ ಏರ್‌ಪೋರ್ಟಿಂದ ಮನೆಗೆ ಹೋಗೋಕೆ ಎಷ್ಟು ಬೇಕೋ ಅಷ್ಟು ಇಟ್ಕೊಳ್ಳಿ ಸಾಕು.

ಟ್ಯಾಕ್ಸಿಗೆ ಗ್ರ್ಯಾಬ್ ಆ್ಯಪ್ ಹಾಕ್ಕೊಳ್ಳಿ, ರೇಟು ಮೊದ್ಲೇ ತೋರ್ಸುತ್ತೆ, ನಮ್ಮ ಕಾರ್ಡ್ ಕೆಲವೊಮ್ಮೆ ಸೇರಲ್ಲ, ಕ್ಯಾಶ್ ಅಂತ ಆರಿಸಿ.


ಕರಾವಳಿ_ಬೋಟು:

ಎಲ್ಲರೂ ಒಳ್ಳೆ ಹೇಳಿದ್ದಾರೆ, ಬಿಟ್ಟುಹೋದದ್ದು ಮಾತ್ರ ನಾನು ಹಾಕ್ತೇನೆ.

ಕಾರ್ಡ್ ಇದ್ದರೆ ಸಾಕಾಗುದಿಲ್ಲ, ಹೊರಡುವ ಮೊದಲು ಬ್ಯಾಂಕ್ ಆ್ಯಪ್ ಒಳಗೆ ಹೋಗಿ ಇಂಟರ್‌ನ್ಯಾಷನಲ್ ಆನ್ ಮಾಡ್ಬೇಕು. ಆರ್‌ಬಿಐ 2020ರಲ್ಲಿ ತಂದ ನಿಯಮದ ನಂತರ ಹೊಸ ಕಾರ್ಡೆಲ್ಲ ನಮ್ಮ ದೇಶದೊಳಗೆ ಮಾತ್ರ ನಡೆಯುವ ಹಾಗೆ ಕೊಡುದು. ಎಟಿಎಂಗೆ ಬೇರೆ ಸ್ವಿಚ್, ಅಂಗಡಿಗೆ ಬೇರೆ, ಟ್ಯಾಪ್ ಮಾಡುದಕ್ಕೆ ಬೇರೆ, ಆನ್‌ಲೈನಿಗೆ ಬೇರೆ, ಪ್ರತಿಯೊಂದಕ್ಕೂ ಲಿಮಿಟ್ ಬೇರೆ. ಆನ್‌ಲೈನ್ ಇಂಟರ್‌ನ್ಯಾಷನಲ್ ಬೇಕಾಗದಿದ್ದರೆ ಆಫ್ ಇಡಿ, ಯಾಕೆಂದರೆ ಹೊರಗಿನ ಎಷ್ಟೋ ವೆಬ್‌ಸೈಟಲ್ಲಿ ಒಟಿಪಿ ಕೇಳುದೇ ಇಲ್ಲ, ನಂಬರ್ ಸಿಕ್ಕಿದರೆ ಆಯಿತು. ಮತ್ತೆ ಹಳೆ ರೂಪೇ ಡೆಬಿಟ್ ಕಾರ್ಡ್ ಮಾತ್ರ ಇರುವುದಾದರೆ ಅದನ್ನು ನಂಬಿ ಹೋಗ್ಬೇಡಿ, ಒಂದು ವೀಸಾ ಒಂದು ಮಾಸ್ಟರ್‌ಕಾರ್ಡ್ ಇದ್ದರೆ ಒಳ್ಳೇದು.

ಒಟಿಪಿ ಬರುವ ಸಿಮ್ಮಿಗೆ ರೋಮಿಂಗ್ ಇಲ್ಲಿಂದಲೇ ಆನ್ ಮಾಡಿಸಿ ಹೋಗಿ. ಅಲ್ಲಿ ಡೇಟಾಕ್ಕೆ ಲೋಕಲ್ ಸಿಮ್ಮೋ ಇ-ಸಿಮ್ಮೋ ಹಾಕಿಕೊಳ್ಳಿ, ಊರಿನ ಸಿಮ್ ತೆಗೆದು ಪರ್ಸಲ್ಲಿ ಹಾಕಿಟ್ಟರೆ ಬ್ಯಾಂಕಿನವರ ಮೆಸೇಜ್ ಬರುದು ಎಲ್ಲಿಗೆ?

ಕಾರ್ಡುಗಳನ್ನು ಒಬ್ಬರ ಪರ್ಸಲ್ಲೇ ಇಡಬೇಡಿ. ನಿಮ್ಮ ಹತ್ತಿರ ಒಂದು, ಯಜಮಾನರ ಹತ್ತಿರ ಒಂದು, ಡಾಲರಲ್ಲಿ ಸ್ವಲ್ಪ ಮಾವನವರ ಹತ್ತಿರ. ಕಾರ್ಡ್ ಕಳೆದುಹೋದರೆ ಮೊದಲು ಆ್ಯಪಲ್ಲಿ ಲಾಕ್ ಮಾಡಿ, ಆಮೇಲೆ ಬ್ಯಾಂಕಿಗೆ ಫೋನ್. ವಿದೇಶದಿಂದ ಟೋಲ್ ಫ್ರೀ ನಂಬರ್ ಹೆಚ್ಚಾಗಿ ಸಿಗುದಿಲ್ಲ, +91 ಇಂದ ಶುರುವಾಗುವ ನಂಬರನ್ನು ಮೊದಲೇ ಬರೆದಿಟ್ಟುಕೊಳ್ಳಿ, ಫೋನಲ್ಲಿ ಅಲ್ಲ, ಕಾಗದದಲ್ಲಿ, ಫೋನೇ ಹೋದರೆ ಏನು ಮಾಡುದು.

ಹೋಟೆಲಲ್ಲಿ ಚೆಕ್ ಇನ್ ಮಾಡುವಾಗ ಡೆಪಾಸಿಟ್ ಅಂತ ಕಾರ್ಡ್ ಕೇಳಿದರೆ ಕ್ರೆಡಿಟ್ ಕಾರ್ಡ್ ಕೊಡಿ, ಡೆಬಿಟ್ ಬೇಡ. ಅವರು ಹಣ ತೆಗೆಯುದಿಲ್ಲ, ಹಿಡಿದಿಡ್ತಾರೆ, ಚೆಕ್ ಔಟ್ ಆದ ಮೇಲೂ ಬಿಡುಗಡೆಯಾಗ್ಲಿಕ್ಕೆ ದಿನಗಟ್ಟಲೆ ಬೇಕು, ಡೆಬಿಟ್ ಆದರೆ ಅಷ್ಟು ದಿನ ನಿಮ್ಮದೇ ಹಣ ನಿಮಗೆ ಸಿಗುದಿಲ್ಲ.

ವೀಸಾ ಆಯ್ತಾ? ಇ-ವೀಸಾ ಫೀ ಒಂದು ಎಂಟ್ರಿಗೆ 25 ಡಾಲರ್, ಹಲವು ಎಂಟ್ರಿಗೆ 50. ಸರ್ಕಾರಿ ವೆಬ್‌ಸೈಟಿನ ಹಾಗೆಯೇ ಕಾಣುವ ಏಜೆಂಟರ ಸೈಟುಗಳು ತುಂಬ ಇವೆ, ಎರಡು ಮೂರು ಪಟ್ಟು ತಗೊಳ್ತಾರೆ. ಹೆಸರು ತಪ್ಪಾಗಿ ರಿಜೆಕ್ಟ್ ಆದರೆ ಫೀ ವಾಪಸ್ ಇಲ್ಲ, ಹಾಗಾಗಿ ಪಾಸ್‌ಪೋರ್ಟಲ್ಲಿ ಇರುವ ಹಾಗೆಯೇ ಅಕ್ಷರಕ್ಕೆ ಅಕ್ಷರ ಹಾಕಿ. ಇನಿಷಿಯಲ್ ಇರುವ ನಮ್ಮ ಕಡೆಯ ಹಿರಿಯರ ಹೆಸರಲ್ಲೇ ಇದು ಗೋಜಲು ಆಗುದು.


ನಂಜನಗೂಡು_ರಸಬಾಳೆ:

ಅಬ್ಬಬ್ಬಾ, ಇಷ್ಟೊಂದು ಉತ್ತರ ಬರುತ್ತೆ ಅನ್ಕೊಂಡಿರ್ಲಿಲ್ಲ, ಎಲ್ರಿಗೂ ತುಂಬಾ ಥ್ಯಾಂಕ್ಸ್. ವೀಸಾ ಏಜೆಂಟೇ ಮಾಡ್ಸಿದಾನೆ, ಈಗ ತೆಗೆದು ನೋಡಿದ್ರೆ ಐದೂ ಜನರ ಹೆಸರು ಸರಿಯಾಗಿದೆ, ಬಚಾವ್. ಕ್ರಾಸ್ ಕರೆನ್ಸಿ ಚಾರ್ಜ್ ಎಷ್ಟು ಅಂತ ಅವನಿಗೆ ನೇರವಾಗೇ ಕೇಳ್ದೆ, ಹಾಗೆಲ್ಲ ಏನಿಲ್ಲ ಮೇಡಂ ಅಂದ, ರೇಟ್ ಪಟ್ಟಿ ವಾಟ್ಸಾಪ್ ಮಾಡಿ ಅಂದೆ, ಅವತ್ತಿಂದ ಫೋನೇ ಇಲ್ಲ. ನೆಮ್ಮದಿ. ಜೀರೋ ಫಾರೆಕ್ಸ್ ಕಾರ್ಡ್‌ಗೆ ನಾನೂ ಇವರೂ ಇಬ್ರೂ ಅಪ್ಲೈ ಮಾಡಿದೀವಿ. ಮಾವನಿಗೆ ಗಿರ್ಮಿಟ್ ಅವರ ಸೇತುವೆ, ಮನೆ ವಿಷಯ ಓದಿ ಹೇಳಿದ್ದೇ ತಡ, ನೋಟ್‌ಬುಕ್ಕಲ್ಲಿ ಎಲ್ಲಾ ನೋಟಿನ ಬಣ್ಣ, ಹಿಂದಿನ ಚಿತ್ರ, ರೂಪಾಯಿ ಲೆಕ್ಕ ಅಂತ ಕಾಲಂ ಹೊಡೆದು ಟೇಬಲ್ ಮಾಡ್ತಾ ಕೂತಿದಾರೆ, ಅತ್ತೆಗೆ ದಿನಾ ಸಂಜೆ ಬಾಯಿಪಾಠ ಒಪ್ಪಿಸೋ ಶಿಕ್ಷೆ.

ಇನ್ನೆರಡು ಡೌಟು. ಪ್ಯಾಕೇಜ್ ಬಿಲ್ಲಲ್ಲಿ ಟಿಸಿಎಸ್ ಅಂತ ಒಂದಿಷ್ಟು ಹಾಕಿದಾನೆ, ಅದು ಅವನ ಜೇಬಿಗಾ? ಮತ್ತೆ ಡಾಂಗ್ ಉಳಿದ್ರೆ ಏನ್ಮಾಡೋದು, ಮೈಸೂರಲ್ಲಿ ತಗೊಳ್ತಾರಾ?


ಲೆಡ್ಜರ್_ರಾಯ:

ಟಿಸಿಎಸ್ ಅಂದ್ರೆ ಮಾರೋನು ಬಿಲ್ಲಲ್ಲೇ ವಸೂಲಿ ಮಾಡೋ ಟ್ಯಾಕ್ಸು, ಅವನ ಜೇಬಿಗಲ್ಲ, ಸರ್ಕಾರಕ್ಕೆ ಹೋಗುತ್ತೆ, ನಿಮ್ಮ ಪ್ಯಾನ್ ಮೇಲೆ ಜಮಾ ಆಗುತ್ತೆ. ಫಾರಿನ್ ಟೂರ್ ಪ್ಯಾಕೇಜ್‌ಗೆ ಅದು ಕಡ್ಡಾಯ, ದರ ಬಜೆಟ್ಟಲ್ಲಿ ಬದಲಾಗ್ತಾ ಇರುತ್ತೆ. ನೀವು ನೋಡ್ಬೇಕಾದ್ದು ಒಂದೇ, ಯಾರ ಪ್ಯಾನ್ ಕೊಟ್ಟಿದೀರಿ ಅಂತ. ರಿಟರ್ನ್ ಫೈಲ್ ಮಾಡೋರ ಪ್ಯಾನ್ ಆಗಿದ್ರೆ ಅವರು ಕಟ್ಟಬೇಕಾದ ಟ್ಯಾಕ್ಸಲ್ಲಿ ವಜಾ ಆಗುತ್ತೆ, ಜಾಸ್ತಿ ಇದ್ರೆ ರೀಫಂಡ್ ಬರುತ್ತೆ. ರಿಟರ್ನೇ ಹಾಕದೋರ ಪ್ಯಾನ್ ಕೊಟ್ಟು ಆ ದುಡ್ಡು ಹಾಗೇ ಬಿಟ್ಟೋರು ಬೇಕಾದಷ್ಟು ಜನ ಇದಾರೆ. ಮೂರು ತಿಂಗಳು ಬಿಟ್ಟು ಇನ್‌ಕಂ ಟ್ಯಾಕ್ಸ್ ವೆಬ್‌ಸೈಟಲ್ಲಿ ಆ ಪ್ಯಾನ್ ಮೇಲೆ ಜಮಾ ಆಗಿರೋ ಟ್ಯಾಕ್ಸ್ ಪಟ್ಟಿ ತೆಗೆದು ನೋಡಿ, ಅದರಲ್ಲಿ ಕಾಣಿಸದಿದ್ರೆ ಆಗ ಏಜೆಂಟ್‌ನ ಕುತ್ತಿಗೆ ಹಿಡೀರಿ. ನೀವು ಕೈಖರ್ಚಿಗೆ ಡಾಲರ್ ತಗೊಳೋದಕ್ಕೆ ಟಿಸಿಎಸ್ ಬೀಳಲ್ಲ, ಏಪ್ರಿಲ್ 2025ರಿಂದ ಒಬ್ಬರಿಗೆ ವರ್ಷಕ್ಕೆ 10 ಲಕ್ಷ ದಾಟಿದ್ರೆ ಮಾತ್ರ, ಅದಕ್ಕೆ ಮುಂಚೆ 7 ಲಕ್ಷ ಇತ್ತು. ಅಂದಹಾಗೆ ನಿಮ್ಮ ಮಾವನ ಟೇಬಲ್ ಫೋಟೋ ಹಾಕಿ, ನಾನೂ ನೋಡ್ಬೇಕು.


ಸೈಗಾನ್_ಸೋಮಾರಿ:

ಡಾಂಗ್ ಊರಿಗೆ ಒಯ್ಯಬೇಡಿ, ಮೈಸೂರು ಬಿಡಿ, ಬೆಂಗಳೂರಲ್ಲೂ ತಗೊಳೋರು ಅಪರೂಪ, ತಗೊಂಡ್ರೂ ಮೂರುಕಾಸಿಗೆ. ಹಾಗಾಗಿ ಕೊನೆ ಎರಡು ದಿನ ಹೊಸದಾಗಿ ಬದಲಾಯಿಸದೆ ಇರೋದನ್ನೇ ಖರ್ಚು ಮಾಡ್ತಾ ಬನ್ನಿ, ಕೈಯಲ್ಲಿ ಮಿಕ್ಕಿದ್ದನ್ನ ಟಾನ್ ಸೊನ್ ನ್ಯಾಟ್ ಏರ್‌ಪೋರ್ಟಲ್ಲಿ ಇಮಿಗ್ರೇಷನ್‌ಗೆ ಹೋಗೋ ಮೊದಲು ಬ್ಯಾಂಕ್ ಕೌಂಟರ್‌ನಲ್ಲಿ ಡಾಲರ್ ಮಾಡ್ಸಿ, ಮೊದಲು ಡಾಲರ್ ಕೊಟ್ಟು ಡಾಂಗ್ ತಗೊಂಡಾಗಿನ ರಸೀದಿ ಇಟ್ಕೊಂಡಿದ್ರೆ ಸುಲಭ. ಬರುವಾಗ ಹೋಗುವಾಗ 5,000 ಡಾಲರ್ ಅಥವಾ ಒಂದೂವರೆ ಕೋಟಿ ಡಾಂಗ್‌ಗಿಂತ ಜಾಸ್ತಿ ಕ್ಯಾಶ್ ಒಬ್ಬರ ಹತ್ರ ಇದ್ರೆ ಕಸ್ಟಮ್ಸ್‌ಗೆ ಬರೆದುಕೊಡಬೇಕು. ಒಂದೂವರೆ ಕೋಟಿ ಅಂದ್ರೆ ಗಾಬರಿ ಆಗ್ಬೇಡಿ, ಐವತ್ತು ಸಾವಿರ ರೂಪಾಯಿ ಅಷ್ಟೇ, ಆದ್ರೆ ಎಲ್ಲರದ್ದೂ ಮಾವನ ಸೊಂಟದಲ್ಲೇ ಇದ್ರೆ ಲೆಕ್ಕ ದಾಟಿಬಿಡಬಹುದು, ಹಂಚ್ಕೊಳ್ಳಿ.

ಹನೋಯ್‌ಗೆ ನಿಮ್ಮ ಫ್ಲೈಟ್ ಎಷ್ಟು ಗಂಟೆಗೆ ಇಳಿಯುತ್ತೆ? ರಾತ್ರಿ ಹೊತ್ತಾದ್ರೆ ಏರ್‌ಪೋರ್ಟಲ್ಲೇ 100 ಡಾಲರ್ ಒಂದು ಬದಲಾಯಿಸ್ಕೊಂಡು ಹೊರಗೆ ಬನ್ನಿ, ಮಿಕ್ಕಿದ್ದು ಮಾರನೇ ದಿನ ಊರೊಳಗೆ. ಐದು ಜನ, ಲಗೇಜು ಅಂದ್ರೆ ಗ್ರ್ಯಾಬಲ್ಲಿ 7 ಸೀಟಿನ ಗಾಡಿ ಆರಿಸಿ.